ಯಂತ್ರ ಸತ್ತಿತು ಅಂತ ಹೇಳುವವರು ಯಾರು?

ಯರಗೇರಾದಲ್ಲಿ ಬಸ್ ಇಳಿದು ನಾಲ್ಕು ಹೆಜ್ಜೆ ನಡೆದರೆ ಒಂದು ಸಣ್ಣ ರಿಪೇರಿ ಅಂಗಡಿ ಸಿಗುತ್ತದೆ. ಬೋರ್ಡಿನ ಅಕ್ಷರಗಳು ಬಿಸಿಲಿಗೆ ಮಾಸಿ ಹೋಗಿವೆ. ಒಳಗೆ ಹೊಟ್ಟೆ ಬಿಚ್ಚಿದ ಟಿವಿ, ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ಒಂದು ಬುಟ್ಟಿ ತುಂಬ ಹಳೆಯ ಮೊಬೈಲ್. ರೇಡಿಯೊ ಕಾಲದಿಂದಲೂ ಅಲ್ಲೇ ಕೂತಿರುವ ಅಂಗಡಿಯವರನ್ನು ನಾವೆಲ್ಲ ಚಾಚಾ ಅಂತಲೇ ಕರೆಯುತ್ತೇವೆ.

ಕಳೆದ ವರ್ಷ ನನ್ನ ತಂಗಿ ಎಂ.ಎ.ಗೆ ಸೇರಿದಳು. ನಾನು ಡಿಗ್ರಿಯಲ್ಲಿ ಬಳಸಿದ್ದ ಹಳೆಯ ಲ್ಯಾಪ್‌ಟಾಪ್ ಅಟ್ಟದ ಮೇಲೆ ಇತ್ತು. ಇಳಿಸಿ ಬಟನ್ ಒತ್ತಿದರೆ ಗುರ್ ಅಂದು ನಿಂತಿತು. ರಾಯಚೂರಿಗೆ ಒಯ್ದೆವು. ಅಲ್ಲಿಯ ಅಂಗಡಿಯ ಹುಡುಗ ಬಿಚ್ಚಿ ಕೂಡ ನೋಡಲಿಲ್ಲ. "ಇದು ಸತ್ತಿದೆ ಸರ್, ಇದಕ್ಕೆ ಖರ್ಚು ಮಾಡಬೇಡಿ, ಹೊಸದು ತಗೊಳ್ಳಿ" ಅಂದ. ಹೊಸದಕ್ಕೆ ಹೇಳಿದ ರೇಟು ಕೇಳಿ ಅಪ್ಪ ಸುಮ್ಮನೆ ಎದ್ದು ಹೊರಗೆ ಬಂದರು. ಆ ವರ್ಷ ಹತ್ತಿ ಬಿಡಿಸಿದ ಕೂಲಿ ಕೊಡುವುದೇ ಕಷ್ಟವಾಗಿತ್ತು.

ವಾಪಸ್ ಊರಿಗೆ ಬಂದು ಚಾಚಾನ ಮುಂದೆ ಇಟ್ಟೆ. ಅವರು ಹಿಂದಿನ ಮುಚ್ಚಳ ಬಿಚ್ಚಿ ಫ್ಯಾನ್ ತೋರಿಸಿದರು. ಹತ್ತಿ ಧೂಳು, ಮಣ್ಣು, ಎಣ್ಣೆ ಜಿಡ್ಡು ಸೇರಿ ಕಂಬಳಿಯಂತೆ ಕೂತಿತ್ತು.

"ಬೇಟಾ, ಇದು ಸತ್ತಿಲ್ಲ. ಇದಕ್ಕ ದಮ್ಮು ಹತ್ತ್ಯಾದ, ಅಷ್ಟ."

ಫ್ಯಾನ್ ತೊಳೆದು, ಪ್ರೊಸೆಸರ್ ಮೇಲೆ ಹೊಸ ಪೇಸ್ಟ್ ಹಚ್ಚಿದರು. ಹಾರ್ಡ್ ಡಿಸ್ಕ್ ಮಾತ್ರ ನಿಜವಾಗಿಯೂ ಹೋಗಿತ್ತು. ಅದರ ಜಾಗಕ್ಕೆ ಒಂದು ಎಸ್‌ಎಸ್‌ಡಿ ಹಾಕಿದರು. ಸಾಮಾನು, ಕೂಲಿ ಎಲ್ಲ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ಆಮೇಲೆ ಲ್ಯಾಪ್‌ಟಾಪ್ ನನ್ನ ಕಡೆ ತಳ್ಳಿ, "ಡಬ್ಬಿ ನಾ ಸರಿ ಮಾಡೀನಿ. ಒಳಗ ಜೀವ ನೀ ತುಂಬು" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಇವತ್ತು ಒಂದು ಯಂತ್ರಕ್ಕೆ ಎರಡು ಸಾವು. ಒಂದು ಡಬ್ಬಿಯ ಸಾವು, ಇನ್ನೊಂದು ಒಳಗಿನ ಸಾಫ್ಟ್‌ವೇರಿನ ಸಾವು. ಮೊದಲನೆಯದರ ಜೊತೆ ಗುದ್ದಾಡಲು ಊರೂರಿಗೆ ಒಬ್ಬ ಚಾಚಾ ಇದ್ದಾರೆ. ಎರಡನೆಯದಕ್ಕೆ ಯಾರಿದ್ದಾರೆ? ಈ ಬರಹ ಅದರ ಬಗ್ಗೆ.

ಐದು ರೂಪಾಯಿ ಸಾಮಾನು, ಹತ್ತು ಸಾವಿರದ ಟಿವಿ

ಮೊದಲು ಡಬ್ಬಿಯ ಮಾತು. ನಮ್ಮ ರಾಯಚೂರು ಜಿಲ್ಲೆಯ ಬಿಸಿಲು ನಿಮಗೆ ಹೇಳಿಕೊಡಬೇಕಿಲ್ಲ. ಟಿವಿ, ಸೆಟ್‌ಟಾಪ್ ಬಾಕ್ಸ್, ಚಾರ್ಜರ್ ಎಲ್ಲದರ ಪವರ್ ಬೋರ್ಡಿನಲ್ಲೂ ಸಣ್ಣ ಡಬ್ಬಿಯಾಕಾರದ ಕೆಪಾಸಿಟರ್‌ಗಳು ಇರುತ್ತವೆ. ಅವುಗಳ ಒಳಗೆ ಒಂದು ದ್ರವ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಅದು ಬೇಗ ಒಣಗುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಆಯುಷ್ಯ ಸುಮಾರು ಅರ್ಧ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಅದರ ಮೇಲೆ ಕರೆಂಟ್ ಏರಿಳಿತ. ಕೊನೆಗೆ ಕೆಪಾಸಿಟರಿನ ತಲೆ ಉಬ್ಬುತ್ತದೆ, ಟಿವಿ ಆನ್ ಆಗುವುದಿಲ್ಲ.

ಆ ಕೆಪಾಸಿಟರಿನ ಬೆಲೆ ಕೆಲವೇ ರೂಪಾಯಿ. ಚಾಚಾನಂಥವರು ಹಳೆಯದನ್ನು ಕಿತ್ತು ಹೊಸದನ್ನು ಬೆಸುಗೆ ಹಾಕುತ್ತಾರೆ, ಟಿವಿ ಮತ್ತೆ ಹತ್ತುತ್ತದೆ. ಎಷ್ಟೋ ಕಂಪನಿಗಳ ಸರ್ವಿಸ್ ಸೆಂಟರ್‌ಗಳಲ್ಲಿ ಮಾತ್ರ ಒಂದು ಸಾಮಾನು ಬದಲಿಸುವುದಿಲ್ಲ, ಇಡೀ ಬೋರ್ಡ್ ಬದಲಿಸುತ್ತಾರೆ. ಬೋರ್ಡ್ ಸಿಗದಿದ್ದರೆ "ಈ ಮಾಡೆಲ್ ಬಂದ್ ಆಗಿದೆ" ಅನ್ನುತ್ತಾರೆ. ಅಲ್ಲಿಗೆ ಟಿವಿ ಸತ್ತಿತು.

ಮೊಬೈಲ್‌ನಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಮೊದಲು ಹಿಂದಿನ ಮುಚ್ಚಳ ಉಗುರಿನಿಂದ ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು. ಈಗ ಗೋಂದು ಹಾಕಿ ಅಂಟಿಸಿರುತ್ತಾರೆ. ಇನ್ನು ಕೆಲವು ಫೋನ್‌ಗಳಲ್ಲಿ ಸಾಮಾನಿಗೂ ಫೋನಿಗೂ ಸಾಫ್ಟ್‌ವೇರಿನಿಂದ ಗಂಟು ಹಾಕಿರುತ್ತಾರೆ. ಕಂಪನಿಯ ಅನುಮತಿ ಇಲ್ಲದೆ ಬೇರೆ ಡಿಸ್‌ಪ್ಲೇ ಅಥವಾ ಬ್ಯಾಟರಿ ಕೂರಿಸಿದರೆ "ಇದು ಅಪರಿಚಿತ ಭಾಗ" ಅಂತ ಪರದೆಯ ಮೇಲೆ ಬರುತ್ತದೆ. ಆಪಲ್ ಫೋನ್‌ಗಳಲ್ಲಿ ಈ ಸಂದೇಶ ಬರುವುದು ಜಗತ್ತಿಗೇ ಗೊತ್ತಿರುವ ವಿಷಯ. ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಇಂಥ ಗಂಟು ಹಾಕುವುದರ ವಿರುದ್ಧವೇ ಕಾನೂನು ಮಾಡಿತು. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಒಂದು ಮಾಡೆಲ್ ಮಾರುವುದನ್ನು ನಿಲ್ಲಿಸಿದ ಮೇಲೂ ಏಳು ವರ್ಷ ಅದರ ಬಿಡಿಭಾಗ ಕೊಡಬೇಕು, ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು.

ನಮ್ಮ ದೇಶದಲ್ಲೂ ಮಾತು ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿ ಹಕ್ಕು' ಕುರಿತು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದು, ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಯಂತ್ರ, ವಾಹನ ಈ ನಾಲ್ಕು ಕ್ಷೇತ್ರಗಳು ಅದರಲ್ಲಿವೆ. ಒಳ್ಳೆಯದೇ. ಆದರೆ ಪೋರ್ಟಲ್ಲಿನಲ್ಲಿ ಮಾಹಿತಿ ಹಾಕುವುದು ಬೇರೆ, ದೇವದುರ್ಗದ ಒಬ್ಬ ಮೆಕ್ಯಾನಿಕ್ಕಿನ ಕೈಗೆ ಬಿಡಿಭಾಗ ಸಿಗುವುದು ಬೇರೆ. ಎರಡನೆಯದು ಆದಾಗ ಹಕ್ಕು ಅನ್ನೋಣ.

ಕೆಡದಿದ್ದರೂ ಸಾಯುವ ಕಂಪ್ಯೂಟರ್

ಈಗ ಎರಡನೆಯ ಸಾವು. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳಿತು, ಅಷ್ಟೇ. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಅಂದರೆ 2016, 2017ಕ್ಕಿಂತ ಹಿಂದಿನ ಬಹಳಷ್ಟು ಕಂಪ್ಯೂಟರ್‌ಗಳು ಹೊರಗೇ ಉಳಿದವು. ಅವುಗಳ ಕೀಲಿಮಣೆ ಸರಿ ಇದೆ, ಪರದೆ ಸರಿ ಇದೆ, ಲೆಕ್ಕ ಮಾಡುತ್ತವೆ, ಟೈಪ್ ಮಾಡುತ್ತವೆ. ಆದರೂ ಅವುಗಳ ತೇದಿ ಮುಗಿಯಿತು.

ಇಲ್ಲಿ ಚಾಚಾನ ಸ್ಕ್ರೂಡ್ರೈವರ್ ನಡೆಯುವುದಿಲ್ಲ. ಒಳಗಿನ ಕೋಡ್ ಬೀಗದ ಹಿಂದೆ ಇದೆ.

ಈ ಬೀಗದ ವಿರುದ್ಧದ ಹೋರಾಟ ಹುಟ್ಟಿದ್ದೇ ಒಂದು ರಿಪೇರಿಯಿಂದ ಅನ್ನುವುದು ನಿಮಗೆ ಗೊತ್ತೇ? ಸುಮಾರು 1980ರಲ್ಲಿ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಝೆರಾಕ್ಸ್ ಕಂಪನಿಯ ಹೊಸ ಪ್ರಿಂಟರ್ ಬಂತು. ಅದರಲ್ಲಿ ಪದೇಪದೇ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿಗೆ ಒಂದು ಉಪಾಯ ಮಾಡಿದ್ದರು. ಕಾಗದ ಸಿಕ್ಕಿಕೊಂಡರೆ ಕೂತಲ್ಲೇ ಎಲ್ಲರ ಕಂಪ್ಯೂಟರಿಗೆ ಸುದ್ದಿ ಹೋಗುವಂತೆ ಪ್ರೋಗ್ರಾಂ ತಿದ್ದಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಅದರ ಮೂಲ ಕೋಡ್ ಕೊಡಲಿಲ್ಲ. ತನ್ನ ಮುಂದಿರುವ ಯಂತ್ರವನ್ನು ತಾನೇ ಸರಿ ಮಾಡಲು ಬರುತ್ತದೆ, ಆದರೆ ಬಿಡುವುದಿಲ್ಲ. ಆ ಸಿಟ್ಟು ಅವರನ್ನು ಬಿಡಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದಕ್ಕೆ ಜೊತೆಯಾಯಿತು. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ, ಹಂಚಬಹುದಾದ ಸಾಫ್ಟ್‌ವೇರ್ ಇದು. ನಾವು ಇದನ್ನು ಮುಕ್ತ ತಂತ್ರಾಂಶ ಅನ್ನುತ್ತೇವೆ.

ತಂಗಿಯ ಲ್ಯಾಪ್‌ಟಾಪಿಗೆ ನಾನು ತುಂಬಿದ ಜೀವ ಅದೇ.

"ಅಣ್ಣಾ, ಕೆಳಗಿನ ಪಟ್ಟಿ ಎಲ್ಲಿ ಹೋತು?"

ಇಲ್ಲಿಗೆ ಕಥೆ ಸುಖಾಂತ್ಯ ಆಯಿತು ಅಂದುಕೊಳ್ಳಬೇಡಿ. ಮುಕ್ತ ತಂತ್ರಾಂಶವನ್ನು ಹೊಗಳುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ.

ಮೊದಲ ದಿನವೇ ತಂಗಿ ಕರೆದಳು. "ಅಣ್ಣಾ, ಇದರಾಗ ಕೆಳಗಿನ ಪಟ್ಟಿ ಎಲ್ಲಿ ಹೋತು? ಕಿಟಕಿ ಸಣ್ಣದು ಮಾಡೋ ಗುರುತು ಎಲ್ಲಿ?" ನಾನು ಹಾಕಿದ್ದ ಡೆಸ್ಕ್‌ಟಾಪಿನಲ್ಲಿ ಅದು ಇರಲೇ ಇಲ್ಲ. ನೋಡಲು ಚೆಂದ, ಆದರೆ ನಾಲ್ಕು ಜಿಬಿ ರ್‍ಯಾಮ್ ಇರುವ ಹಳೆಯ ಯಂತ್ರ ಅದರಲ್ಲಿ ಏದುಸಿರು ಬಿಡುತ್ತಿತ್ತು. ಹೇಗೋ ಹೊಂದಿಕೊಂಡಳು. ಮೂರು ತಿಂಗಳಿಗೆ ಒಂದು ದೊಡ್ಡ ಅಪ್‌ಡೇಟ್ ಬಂತು. ಮರುದಿನ ಕನ್ನಡ ಟೈಪಿಂಗ್ ಬದಲಿಸುವ ಗುಂಡಿ ಕೆಲಸ ಮಾಡಲಿಲ್ಲ. ಅವಳಿಗೆ ಅದೇ ದಿನ ಅಸೈನ್‌ಮೆಂಟ್ ಕೊಡಬೇಕಿತ್ತು. ರಾತ್ರಿ ಹನ್ನೊಂದಕ್ಕೆ ಮೊಬೈಲ್‌ನಲ್ಲಿ ಟೈಪ್ ಮಾಡಿ ಮುಗಿಸಿದಳು. "ನಿನ್ನ ಮುಕ್ತ ಗಿಕ್ತ ನನಗೆ ಬ್ಯಾಡ" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ.

ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ಲೋಕದಲ್ಲಿ ಈ ಜಗಳ ಹಳೆಯದು. ಗ್ನೋಮ್ ಅನ್ನುವ ಡೆಸ್ಕ್‌ಟಾಪ್ 1997ರಲ್ಲಿ ಹುಟ್ಟಿದ್ದೇ ಒಂದು ಭಿನ್ನಾಭಿಪ್ರಾಯದಿಂದ. ಅದಕ್ಕೆ ಒಂದು ವರ್ಷ ಮೊದಲು ಶುರುವಾದ ಕೆಡಿಇ ಬಳಸುತ್ತಿದ್ದ ಒಂದು ಭಾಗ ಪೂರ್ತಿ ಮುಕ್ತವಾಗಿರಲಿಲ್ಲ ಅನ್ನುವುದು ಆಗಿನ ತಕರಾರು. 2011ರ ಏಪ್ರಿಲ್‌ನಲ್ಲಿ ಅದೇ ಗ್ನೋಮ್ ಮೂರನೇ ಆವೃತ್ತಿ ತಂದು ಎಲ್ಲ ಬದಲಿಸಿತು. ಕೆಳಗಿನ ಪಟ್ಟಿ ಹೋಯಿತು, ಕಿಟಕಿ ಇಳಿಸುವ ಗುಂಡಿ ಹೋಯಿತು. ಜನ ಸಿಟ್ಟಾದರು. ಸ್ವತಃ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬಿಟ್ಟು ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪಿಗೆ ಹೋದರು. ಉಬುಂಟು ಅದೇ ವರ್ಷ ಯೂನಿಟಿ ಅನ್ನುವ ತನ್ನದೇ ಡೆಸ್ಕ್‌ಟಾಪನ್ನು ಮುಂದಿಟ್ಟಿತು, ಅದಕ್ಕೂ ಬೈಗುಳ ಬಿತ್ತು, 2017ರಲ್ಲಿ ಅದನ್ನು ಕೈಬಿಟ್ಟು ಮತ್ತೆ ಗ್ನೋಮ್‌ಗೆ ಮರಳಿತು.

ಈಗಿನ ಜಗಳ ಪರದೆಯ ಮೇಲೆ ಚಿತ್ರ ಮೂಡಿಸುವ ಬುನಾದಿಯದು. 1987ರಿಂದ ಇರುವ ಎಕ್ಸ್-11 ಬಿಟ್ಟು ವೇಲ್ಯಾಂಡ್ ಅನ್ನುವ ಹೊಸದಕ್ಕೆ ಹೋಗುತ್ತಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 25.10ರಲ್ಲಿ ಗ್ನೋಮ್‌ಗೆ ಹಳೆಯ ಎಕ್ಸ್-11 ಆಯ್ಕೆಯೇ ಇಲ್ಲ. ಇನ್ನೊಂದು ಕಡೆ 32 ಬಿಟ್ ಯಂತ್ರಗಳ ಬಾಗಿಲು ಮುಚ್ಚುತ್ತಿದೆ. ಉಬುಂಟು 2017ರಲ್ಲೇ ಅವುಗಳ ಡೆಸ್ಕ್‌ಟಾಪ್ ಪ್ರತಿ ನಿಲ್ಲಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅವುಗಳಿಗೆ ಇನ್‌ಸ್ಟಾಲರ್ ಕೊಡುತ್ತಿಲ್ಲ.

ಹಾಗಾದರೆ ಬೀಗ ಹಾಕಿದ ಕಂಪನಿಗೂ ಇವರಿಗೂ ಏನು ಫರಕು? ತಂಗಿ ಕೇಳಿದ ಪ್ರಶ್ನೆ ಅದು.

ಫರಕು ಇದೆ, ಅದು ದೊಡ್ಡದು

2011ರ ಜಗಳ ಅಲ್ಲಿಗೇ ನಿಲ್ಲಲಿಲ್ಲ. ಅರ್ಜೆಂಟೀನಾದ ಒಬ್ಬ ಬಳಕೆದಾರ ಹಳೆಯ ಗ್ನೋಮ್‌ನ ಕೋಡ್ ಎತ್ತಿಕೊಂಡು ಅದನ್ನೇ ಮುಂದುವರಿಸಿದ. ತಮ್ಮ ದೇಶದ ಚಹಾದಂಥ ಪಾನೀಯದ ಹೆಸರನ್ನೇ ಇಟ್ಟ: ಮಾಟೆ. ಲಿನಕ್ಸ್ ಮಿಂಟ್ ತಂಡದವರು ಹೊಸ ಗ್ನೋಮ್‌ನ ತಳಹದಿ ಇಟ್ಟುಕೊಂಡೇ ಹಳೆಯ ರೂಢಿಯ ಕೆಳಪಟ್ಟಿ, ಮೆನು ಇರುವ ಸಿನಮನ್ ಕಟ್ಟಿದರು. ಎರಡೂ ಇವತ್ತಿಗೂ ನಡೆಯುತ್ತಿವೆ.

ಇದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ. ನಮ್ಮ ಹೊಲದ ಭಾಷೆಯಲ್ಲಿ ಹೇಳುವುದಾದರೆ, ದೊಡ್ಡ ರೈತ ಈ ವರ್ಷ ಬೀಜ ಬದಲಿಸಿದ. ನಿನಗೆ ಹಳೆಯ ಬೀಜವೇ ಬೇಕೋ, ತಗೊಂಡು ಹೋಗಿ ನಿನ್ನ ಹೊಲದಲ್ಲಿ ಬಿತ್ತು, ಯಾರೂ ತಡೆಯುವುದಿಲ್ಲ. ಬೀಗದ ಕಂಪನಿಯದು ಹಾಗಲ್ಲ. ಅದು ಪ್ರತಿ ವರ್ಷ ತನ್ನ ಹತ್ತಿರವೇ ಕೊಳ್ಳಬೇಕಾದ ಬೀಜ.

ಅದಕ್ಕೇ ನನ್ನ ಅಭಿಪ್ರಾಯ ಇದು: ಮುಕ್ತ ತಂತ್ರಾಂಶದವರ ಜಗಳ ಅದರ ಸೋಲಲ್ಲ, ಅದೇ ಅದರ ಜೀವ. ಯಂತ್ರ ಸತ್ತಿತೋ ಇಲ್ಲವೋ ಅಂತ ನಿರ್ಧರಿಸುವ ಹಕ್ಕು ಒಬ್ಬನ ಕೈಯಲ್ಲಿ ಇಲ್ಲದಿದ್ದಾಗ ಗದ್ದಲ ಆಗಿಯೇ ಆಗುತ್ತದೆ.

ಆದರೆ ಹಳೆಯದೇ ಇರಲಿ ಅಂತ ಗದ್ದಲ ಮಾಡುವವರಿಗೂ ಒಂದು ಮಾತು ಹೇಳಬೇಕು. ಬದಲಾವಣೆ ಮಾಡುವವರು ಎಲ್ಲರೂ ಸೊಕ್ಕಿನವರಲ್ಲ. ಎಕ್ಸ್-11ರಲ್ಲಿ ತೆರೆದಿರುವ ಒಂದು ಪ್ರೋಗ್ರಾಂ ಇನ್ನೊಂದರಲ್ಲಿ ನೀವು ಒತ್ತುವ ಕೀಲಿಗಳನ್ನು ಕದ್ದು ನೋಡಬಹುದು, ಬ್ಯಾಂಕಿನ ಪಾಸ್‌ವರ್ಡ್ ಕೂಡ. ಅದನ್ನು ಸರಿಪಡಿಸಬೇಕಾದದ್ದು ನಿಜ. ಹಳೆಯ ಕೋಡ್ ಕಾಯುವುದಕ್ಕೂ ಕೈ ಬೇಕು. ಅವರಲ್ಲಿ ಎಷ್ಟೋ ಜನ ಸಂಬಳವಿಲ್ಲದೆ ದುಡಿಯುತ್ತಾರೆ. ಮಾಟೆ ಉಳಿದದ್ದು ಬೈಗುಳದಿಂದಲ್ಲ, ಕೂತು ಕೆಲಸ ಮಾಡಿದವರಿಂದ. ಚಾಚಾನ ಅಂಗಡಿ ಉಳಿದಿರುವುದೂ ಹಾಗೇ. ಹಳೆಯ ರೇಡಿಯೊ ಚೆಂದ ಇತ್ತು ಅನ್ನುವವರು ಊರಿಗೆ ನೂರು ಜನ, ಅದನ್ನು ಬಿಚ್ಚಿ ಕೂರುವವರು ಒಬ್ಬರು.

ಬದಲಾವಣೆ ಮಾಡುವವರಿಗೂ ಅಷ್ಟೇ ನೇರವಾಗಿ ಹೇಳಬೇಕು. ನಿಮ್ಮ ಮೇಜಿನ ಮೇಲಿರುವುದು ಹೊಸ ಯಂತ್ರ. ಮಾನ್ವಿಯ ಒಬ್ಬ ಹುಡುಗಿಯ ಮುಂದಿರುವುದು ಹತ್ತು ವರ್ಷ ಹಿಂದಿನದು. ಒಂದು ಗುಂಡಿ ತೆಗೆಯುವ ಮುಂಚೆ, ಅದನ್ನೇ ನಂಬಿ ಬೇರೆ ಭಾಷೆಯಲ್ಲಿ ಬರೆಯುವವರು ಇದ್ದಾರೆಯೇ, ಪರದೆ ಓದಿಸಿ ಕೇಳುವ ಅಂಧರು ಇದ್ದಾರೆಯೇ ಅಂತ ಕೇಳಿ. ಹಳೆಯ ದಾರಿ ಮುಚ್ಚುವ ಮುಂಚೆ ಹೊಸ ದಾರಿಯಲ್ಲಿ ಎಲ್ಲರೂ ನಡೆಯಬಹುದು ಅಂತ ಖಾತ್ರಿ ಮಾಡಿಕೊಳ್ಳಿ.

ಕನ್ನಡದವರು ಎಲ್ಲಿದ್ದೇವೆ?

ಇದು ಬೆಂಗಳೂರಿನ ಎಂಜಿನಿಯರುಗಳ ಮಾತು, ನಮಗೇಕೆ ಅನ್ನಬೇಡಿ. ಗಡಿಯಾಚೆ ಕಾಸರಗೋಡು ನೋಡಿ. ಕೇರಳ ಸರ್ಕಾರ ಐಟಿ@ಸ್ಕೂಲ್ ಯೋಜನೆಯಿಂದ ಶುರುಮಾಡಿ ತನ್ನ ಶಾಲೆಗಳ ಕಂಪ್ಯೂಟರ್‌ಗಳನ್ನು ಮುಕ್ತ ತಂತ್ರಾಂಶಕ್ಕೆ ತಂದಿದೆ. ಈಗ ಆ ಕೆಲಸ ನೋಡಿಕೊಳ್ಳುವ ಕೈಟ್ ಸಂಸ್ಥೆ ತನ್ನದೇ ಗ್ನೂ/ಲಿನಕ್ಸ್ ಪ್ರತಿ ಸಿದ್ಧಮಾಡಿ ಶಾಲೆಗಳಿಗೆ ಕೊಡುತ್ತದೆ. ಅಲ್ಲಿಯ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯ ಮಕ್ಕಳು ಕಲಿಯುವುದೂ ಅದರಲ್ಲೇ. ನಮ್ಮ ರಾಜ್ಯದಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ನಡೆಸಿದಾಗ, ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರುಗಳು ಉಬುಂಟುವಿನಲ್ಲಿ ಪಾಠ ಸಿದ್ಧಮಾಡಲು ಕಲಿತರು. ಮನಸ್ಸು ಮಾಡಿದರೆ ಆಗುತ್ತದೆ.

ಟೈಪಿಂಗ್ ಹೆದರಿಕೆಯೂ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನೀವು ಕಲಿತ ಕೀಲಿಮಣೆಯೇ ಲಿನಕ್ಸ್‌ನಲ್ಲೂ ಇದೆ, ಯೂನಿಕೋಡ್‌ನಲ್ಲೇ ಮೂಡುತ್ತದೆ.

ಮುಚ್ಚಿಡದೆ ಹೇಳಬೇಕಾದ ತೊಂದರೆಯೂ ಇದೆ. ಆಧಾರ್ ಬೆರಳಚ್ಚು ಯಂತ್ರಗಳ ಸಾಫ್ಟ್‌ವೇರ್ ಬಹುಪಾಲು ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೇ ಸಿಗುತ್ತದೆ. ನುಡಿಯ ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಆನ್‌ಲೈನ್ ಸೇವಾ ಕೇಂದ್ರ ನಡೆಸುವವರು ಇದನ್ನು ನೋಡಿಕೊಂಡೇ ನಿರ್ಧಾರ ಮಾಡಲಿ. ಮನೆಯಲ್ಲಿ ಓದಲು, ಬರೆಯಲು, ಅರ್ಜಿ ತುಂಬಲು, ವಿಡಿಯೊ ಪಾಠ ನೋಡಲು ಮಾತ್ರ ಹಳೆಯ ಯಂತ್ರಕ್ಕೆ ಇದು ಸಾಕು.

ಹಾಗಾದರೆ ನಾವು ಮಾಡಬಹುದಾದದ್ದೇನು?

ಅಂಗಡಿಯವರು "ಸತ್ತಿದೆ" ಅಂದ ತಕ್ಷಣ ನಂಬಬೇಡಿ. ಏನು ಸತ್ತಿದೆ ಅಂತ ಕೇಳಿ. ಫ್ಯಾನೋ, ಡಿಸ್ಕೋ, ಬೋರ್ಡೋ, ಬರೀ ಸಾಫ್ಟ್‌ವೇರೋ. ಬಿಚ್ಚಿ ತೋರಿಸದವರ ಮಾತಿಗೆ ದುಡ್ಡು ಬಿಚ್ಚಬೇಡಿ.

ಲಿನಕ್ಸ್ ಹಾಕುವ ಮುಂಚೆ ಫೋಟೊ, ಕಡತ ಎಲ್ಲ ಬೇರೆ ಕಡೆ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ನಿಂದಲೇ ಶುರುಮಾಡಿ ನೋಡಬಹುದು, ಇಷ್ಟವಾದರೆ ಮಾತ್ರ ಹಾಕಿ. ಹಳೆಯ ಯಂತ್ರಕ್ಕೆ ಮಾಟೆ ಅಥವಾ ಎಕ್ಸ್‌ಎಫ್‌ಸಿಇ ಇರುವ ಪ್ರತಿ ಹಗುರ. ಐದು ವರ್ಷ ಬೆಂಬಲ ಇರುವ ದೀರ್ಘಾವಧಿ ಪ್ರತಿಯನ್ನೇ ಆರಿಸಿ, ಆರು ತಿಂಗಳಿಗೊಮ್ಮೆ ಬದಲಾಗುವುದರ ಬೆನ್ನು ಹತ್ತಬೇಡಿ. ಕೆಲಸದ ಹಿಂದಿನ ದಿನ ದೊಡ್ಡ ಅಪ್‌ಡೇಟ್ ಒತ್ತಬೇಡಿ. ಇದನ್ನು ನಾನು ತಂಗಿಯಿಂದ ಕಲಿತೆ.

ನಿಜವಾಗಿ ಸತ್ತಿದ್ದನ್ನು ತಿಪ್ಪೆಗೆ ಎಸೆಯಬೇಡಿ, ತಾಮ್ರಕ್ಕಾಗಿ ವೈರ್ ಸುಡಬೇಡಿ. ಆ ಹೊಗೆ ನಮ್ಮ ಮಕ್ಕಳ ಎದೆಗೇ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಲ್ಲಿ ಅದರ ವಿಲೇವಾರಿಯ ಹೊಣೆ ತಯಾರಕರದು. ಕೊಂಡ ಅಂಗಡಿಯಲ್ಲಿ, ಪಂಚಾಯಿತಿಯಲ್ಲಿ ಕೇಳಿ.

ಸರ್ಕಾರಕ್ಕೆ ಒಂದೇ ಬೇಡಿಕೆ. ಬಿಡಿಭಾಗ, ಬೋರ್ಡಿನ ನಕ್ಷೆ ಕಂಪನಿಯ ಸೆಂಟರಿಗೆ ಮಾತ್ರವಲ್ಲ, ಹೋಬಳಿಯ ಮೆಕ್ಯಾನಿಕ್ಕಿಗೂ ಸಿಗಬೇಕು. ಕಂಪನಿ ಬೆಂಬಲ ನಿಲ್ಲಿಸಿದ ದಿನ ಬೀಗದ ಕೈ ಮಾಲೀಕನಿಗೆ ಕೊಡಬೇಕು. ದುಡ್ಡು ಕೊಟ್ಟು ಕೊಂಡವರು ನಾವು.

ತಂಗಿಯ ಲ್ಯಾಪ್‌ಟಾಪಿನಲ್ಲಿ ಈಗ ಮಾಟೆ ಇದೆ. ಕೆಳಗಿನ ಪಟ್ಟಿ ಇದೆ, ಕನ್ನಡದ ಗುಂಡಿ ಇದೆ. ಮೊನ್ನೆ ಅವಳು ಅದರಲ್ಲೇ ಪ್ರಬಂಧ ಮುಗಿಸಿ ಪ್ರಿಂಟ್ ತೆಗೆಸಿದಳು. ದಾರಿಯಲ್ಲಿ ಚಾಚಾನ ಅಂಗಡಿ ಮುಂದೆ ನಿಂತು ತೋರಿಸಿದಳು. ಅವರು ಕನ್ನಡಕ ಏರಿಸಿ ಎರಡು ಪುಟ ತಿರುವಿ, "ಫ್ಯಾನ್ ಸದ್ದು ಮಾಡ್ತದೇನಮ್ಮಾ?" ಅಂತ ಕೇಳಿದರು.

"ಇಲ್ರೀ ಚಾಚಾ."

"ಬ್ಯಾಸಗಿ ಮುಂಚೆ ಒಮ್ಮೆ ತಗೊಂಡು ಬಾ. ಧೂಳು ತೆಗೀತೀನಿ."